ಪ್ರಸಾದದ ಸಾಲಿನಲ್ಲಿ

ಬೊಮ್ಮಸಂದ್ರಕ್ಕೆ ಬಂದ ಮೊದಲ ವರ್ಷ, ಗಣೇಶ ಚೌತಿಯಿಂದ ದಸರಾ ಹತ್ತಿರವಾಗುವ ತನಕ, ನನ್ನ ಸಂಜೆಯ ಊಟ ಹೆಚ್ಚಾಗಿ ನಡೆದದ್ದು ಬೀದಿಯಲ್ಲಿ. ನಿಂತುಕೊಂಡು, ದೊನ್ನೆಯಲ್ಲಿ, ಯಾರಾದರೂ ಗುರುತಿನವರು ನೋಡಿಬಿಟ್ಟಾರೆಂದು ಬೆನ್ನು ತಿರುಗಿಸಿಕೊಂಡು.

ನಮ್ಮೂರಲ್ಲಿ ಗಣಪತಿ ಕೂರುವುದು ಐದು ದಿನ. ಆಮೇಲೆ ಕೆರೆಗೆ ಬಿಟ್ಟು ಬಂದರೆ ಮುಗಿಯಿತು. ಬೆಂಗಳೂರಿನ ಈ ಅಂಚಿನಲ್ಲಿ ಹಾಗಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಇಲ್ಲಿ ಒಂದು ಬೀದಿಯವರು ಚೌತಿಯ ದಿನವೇ ಕೂರಿಸಿದರೆ ಪಕ್ಕದ ಬೀದಿಯವರು ಅವರದನ್ನು ಬಿಟ್ಟ ಮೇಲೆ ಕೂರಿಸುತ್ತಾರೆ. ಆಟೋ ಸ್ಟ್ಯಾಂಡಿನವರದು ಒಂದು, ತರಕಾರಿ ಮಾರುವವರದು ಒಂದು, ಹಳೇ ಊರಿನ ಹುಡುಗರದು ಒಂದು. ಬಿಡುವ ಹಿಂದಿನ ದಿನ ಅನ್ನಸಂತರ್ಪಣೆ. ಉಳಿದ ದಿನಗಳಲ್ಲೂ ಮಂಗಳಾರತಿ ಆದ ಮೇಲೆ ಪುಳಿಯೋಗರೆಯೋ ಪೊಂಗಲ್ಲೋ ಇದ್ದೇ ಇರುತ್ತಿತ್ತು.

ಇದನ್ನೆಲ್ಲ ನನಗೆ ಕಲಿಸಿದವಳು ನನ್ನ ರೂಮಿನ ಅಕ್ಕ. ರಾಯಚೂರು ಕಡೆಯವಳು, ನಲವತ್ತರ ಆಸುಪಾಸು, ನಾನು ಸೇರಿದ ಮಾತ್ರೆ ಫ್ಯಾಕ್ಟರಿಯ ಪ್ಯಾಕಿಂಗ್ ಸೆಕ್ಷನ್ನಿನಲ್ಲೇ ಕೆಲಸ. ಮಕ್ಕಳಿಬ್ಬರನ್ನೂ ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ಜೋರಾಗಿ ನಗುತ್ತಿದ್ದಳು, ಜೋರಾಗಿ ಬೈಯುತ್ತಿದ್ದಳು, ಯಾವುದಕ್ಕೂ ನಾಚುತ್ತಿರಲಿಲ್ಲ. ನಾನು ಅವಳಿಗೆ ಪೂರಾ ತದ್ವಿರುದ್ಧ. ಕೊಪ್ಪಳದ ಕಡೆಯ ಸಣ್ಣ ಊರು ನನ್ನದು. ಅಪ್ಪನದು ಹಿಟ್ಟಿನ ಗಿರಣಿ. ಊರಿನ ಅರ್ಧ ಜನ ಜೋಳ ಬೀಸಿಸಿಕೊಳ್ಳಲು ನಮ್ಮ ಬಾಗಿಲಿಗೇ ಬರಬೇಕಿದ್ದುದರಿಂದ ನಾವು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ ಎಂಬ ಗತ್ತಿನಲ್ಲೇ ಬೆಳೆದವಳು. ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋಗುತ್ತೇನೆಂದಾಗ ಅಪ್ಪ, "ಒಬ್ಬಾಕಿ ಹೋಗಿ ಎಲ್ಲಿ ಇರ್ತಿ, ಏನ ಉಣ್ತಿ?" ಎಂದು ಕೇಳಿದ್ದರು. "ಯಾರ ಹಂಗಿನಾಗೂ ಇರಂಗಿಲ್ಲ, ನನ್ನ ಅನ್ನ ನಾ ದುಡಕೊಂಡು ಉಣ್ತೀನಿ" ಎಂದು ಉತ್ತರ ಕೊಟ್ಟಿದ್ದೆ. ಅಪ್ಪ ಬಸ್ಸು ಹತ್ತಿಸಲೂ ಬರಲಿಲ್ಲ.

ಅಷ್ಟು ದೊಡ್ಡ ಮಾತಾಡಿ ಬಂದವಳಿಗೆ ಎರಡೇ ತಿಂಗಳಲ್ಲಿ ಕಷ್ಟ ಶುರುವಾಯಿತು. ನಮ್ಮನ್ನು ಕೆಲಸಕ್ಕೆ ಸೇರಿಸಿದ್ದ ಕಂಟ್ರಾಕ್ಟರ್ ಬದಲಾದ. ಹೊಸಬ ಹಳೆಯದು ತನಗೆ ಗೊತ್ತಿಲ್ಲವೆಂದ, ಹಳಬ ಫೋನು ಎತ್ತಲಿಲ್ಲ. ಕೆಲಸ ನಡೆಯುತ್ತಿತ್ತು, ಸಂಬಳ ಬರುತ್ತಿರಲಿಲ್ಲ. ಪಾಳಿಯ ಹೊತ್ತಿನಲ್ಲಿ ಕ್ಯಾಂಟೀನಿನಲ್ಲಿ ಒಂದು ಊಟ ಸಿಗುತ್ತಿತ್ತು. ಇನ್ನೊಂದು ಹೊತ್ತಿನದು ನಮ್ಮ ತಲೆನೋವು. ಅಪ್ಪನಿಗೆ ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ವಾರಕ್ಕೊಮ್ಮೆ ಅವ್ವ ಫೋನು ಮಾಡಿ, "ಉಂಡಿಯೇನವ್ವಾ?" ಎಂದು ಕೇಳಿದಾಗಲೆಲ್ಲ "ಉಂಡೆ, ಬದನಿಕಾಯಿ ಪಲ್ಯ ಮಾಡಿದ್ವಿ" ಎಂದು ಹೇಳಿ, ಮಾಡದ ಪಲ್ಯದ ರುಚಿಯನ್ನೂ ವರ್ಣಿಸುತ್ತಿದ್ದೆ.

ಮೊದಲ ಸಂಜೆ ನನಗೆ ಚೆನ್ನಾಗಿ ನೆನಪಿದೆ. ರೂಮಿನಲ್ಲಿ ಚುರುಮುರಿ ಬಿಟ್ಟು ಬೇರೇನೂ ಇರಲಿಲ್ಲ. ಅಕ್ಕ ಮುಖ ತೊಳೆದು, ಸೀರೆ ಸರಿಮಾಡಿಕೊಂಡು, "ನಡಿ, ಗಣಪ್ಪನ್ನ ನೋಡಿ ಬರೂಣು" ಎಂದಳು. ನಾಲ್ಕು ಬೀದಿಯಾಚೆ ದೊಡ್ಡ ಪೆಂಡಾಲು. ಬಣ್ಣದ ಸೀರಿಯಲ್ ದೀಪಗಳು, ಎದೆ ನಡುಗಿಸುವ ಸ್ಪೀಕರು. ಕೈಮುಗಿದೆವು, ಆರತಿ ತಗೊಂಡೆವು. ಅಲ್ಲಿಂದ ಅಕ್ಕ ನೆಟ್ಟಗೆ ಪಕ್ಕದ ಸಾಲಿಗೆ ಹೋಗಿ ನಿಂತಳು. ನಾನು ದೂರದಲ್ಲೇ ಉಳಿದೆ.

"ಯಾಕ ಅಲ್ಲೇ ನಿಂತಿ? ಬಾ ಇಲ್ಲಿ."

"ಬ್ಯಾಡಕ್ಕಾ, ನನಗ ಹಸಿವಿಲ್ಲ."

ಅವಳು ಸಾಲು ಬಿಟ್ಟು ಬಂದು ನನ್ನ ರಟ್ಟೆ ಹಿಡಿದಳು. "ದೇವರಿಗೆ ಮುಖ ತೋರಸದಂಗ ಸೀದಾ ಅನ್ನಕ್ಕ ನಿಂತಿದ್ರ ಅದು ಬ್ಯಾರೆ ಮಾತು. ಕೈಮುಗದು ನಿಂತೀವಿ. ಇದು ಪ್ರಸಾದ. ಪ್ರಸಾದಕ್ಕ ಯಾರರ ನಾಚಿಕೊಂತಾರೇನು?"

ಅವತ್ತು ಬಿಸಿಬೇಳೆ ಬಾತ್ ಇತ್ತು, ಮೇಲೆ ಒಂದು ಹಿಡಿ ಖಾರಾ ಬೂಂದಿ. ಮೊದಲ ತುತ್ತಿಗೇ ಬಾಯಿ ಸುಟ್ಟಿತು. ಅಷ್ಟು ರುಚಿಯಾದದ್ದನ್ನು ಆ ತಿಂಗಳೆಲ್ಲ ತಿಂದಿರಲಿಲ್ಲ. ಅಕ್ಕ ಎರಡನೇ ಸಲ ಹೋಗಿ ಡಬ್ಬಿಯಲ್ಲಿ ಹಾಕಿಸಿಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. "ನಾಳೆ ಮುಂಜಾನಿದು" ಎಂದು ಕಣ್ಣು ಹೊಡೆದಳು. ನಾನು ಅವಳಿಂದ ನಾಲ್ಕು ಹೆಜ್ಜೆ ಹಿಂದೆ ನಡೆದು ಮನೆ ಸೇರಿದೆ. ಜೊತೆಗಿರುವವಳು ಎಂದು ಯಾರೂ ತಿಳಿಯಬಾರದೆಂದು. ಬೆಳಿಗ್ಗೆ ಆ ಡಬ್ಬಿಯಲ್ಲಿ ನನ್ನ ಪಾಲನ್ನು ಮಾತ್ರ ಬಿಡಲಿಲ್ಲ.

ಆಮೇಲೆ ಅದು ದಿನಚರಿಯಾಯಿತು. ಯಾವ ಬೀದಿಯಲ್ಲಿ ಯಾವತ್ತು ಏನು ಎಂಬ ಸುದ್ದಿಯೆಲ್ಲ ಅಕ್ಕ ಫ್ಯಾಕ್ಟರಿಯ ಬಸ್ಸಿನಲ್ಲೇ ಸಂಗ್ರಹಿಸುತ್ತಿದ್ದಳು. ನಾನು ಹೋಗುತ್ತಿದ್ದೆ, ಆದರೆ ಪ್ರತಿ ಸಲವೂ ಹೊಸದಾಗಿ ಸಾಯುತ್ತಿದ್ದೆ. ಸಾಲಿನಲ್ಲಿ ಮುಂದಿನವರ ಬೆನ್ನು ನೋಡುತ್ತಾ ನಿಲ್ಲುವುದು. ಬಡಿಸುವವರ ಕೈ ಮಾತ್ರ ನೋಡುವುದು, ಮುಖ ನೋಡದಿರುವುದು. ದೊನ್ನೆ ಸಿಕ್ಕಿದ ಕೂಡಲೇ ದೀಪದ ಬೆಳಕು ಬೀಳದ ಕಡೆ ಸರಿಯುವುದು. ಮಕ್ಕಳ ಜೊತೆ ಬಂದ ಸಂಸಾರಸ್ಥರು ಸುಮ್ಮನೆ ಪ್ರಸಾದವೆಂದು ಎರಡು ತುತ್ತು ತಿಂದು, ಉಳಿದದ್ದನ್ನು ಬುಟ್ಟಿಗೆ ಹಾಕಿ ಹೋಗುತ್ತಿದ್ದರು. ನಾನು ತಳ ಬಳಿದು ತಿನ್ನುತ್ತಿದ್ದೆ. ಅದು ಯಾರಿಗಾದರೂ ಕಂಡರೆ ಗೊತ್ತಾಗಿಬಿಡುತ್ತದೆ ಎಂದು ಕೊನೆಗೆ ಬೇಕೆಂದೇ ಒಂದು ತುತ್ತು ಬಿಡುವುದನ್ನು ಕಲಿತೆ. ಹಸಿವಿದ್ದವಳು ಅನ್ನ ಬಿಸಾಡಿದೆ. ನಮ್ಮಪ್ಪ ಗಿರಣಿಯಲ್ಲಿ ನೆಲಕ್ಕೆ ಬಿದ್ದ ಹಿಟ್ಟನ್ನೂ ಗುಡಿಸಿ ದನಕ್ಕೆ ಹಾಕುವವರು.

ನಾವಿದ್ದ ಮನೆ ಹಳೇ ಊರಿನ ಒಕ್ಕಲು ಮನೆತನದ್ದು. ಅವರ ರಾಗಿ ಕಣವಿದ್ದ ಜಾಗದಲ್ಲಿ ಮೂರಂತಸ್ತು ಎತ್ತಿ, ಸಾಲಾಗಿ ಒಂದೊಂದೇ ರೂಮು ಮಾಡಿ ನಮ್ಮಂಥವರಿಗೆ ಬಾಡಿಗೆಗೆ ಕೊಟ್ಟಿದ್ದರು. ಕೆಳಗೆ ಅವರ ಸಂಸಾರ. ಯಜಮಾನತಿಯನ್ನು ಎಲ್ಲರೂ ಓನರಮ್ಮ ಎನ್ನುತ್ತಿದ್ದರು. ಎದುರಿಗೆ ಕರೆಯುವಾಗ ಆಂಟಿ. ಅರವತ್ತು ದಾಟಿದ್ದಿರಬೇಕು. ದಪ್ಪ ಮೂಗುಬೊಟ್ಟು, ಯಾವಾಗಲೂ ಒದ್ದೆ ಕೈ, ಒಂದು ಕಾಲು ಎಳೆದು ನಡೆಯುತ್ತಿದ್ದರು. ಬಾಡಿಗೆ ತಡವಾಯಿತೆಂದು ಒಮ್ಮೆಯೂ ಮೇಲೆ ಹತ್ತಿ ಬಂದವರಲ್ಲ. ಹತ್ತಲು ಕಾಲೂ ಬರುತ್ತಿರಲಿಲ್ಲ ಅನ್ನಿ. ಹೋಗುವಾಗ ಬರುವಾಗ "ಉಂಡ್ಯಾ ಮಗಾ?" ಎಂದು ಕೇಳುವುದು, ನಾನು ತಲೆಯಾಡಿಸಿ ಮೆಟ್ಟಿಲು ಹತ್ತುವುದು, ಇಷ್ಟೇ ನಮ್ಮ ಬಳಕೆ.

ನಮ್ಮ ಬೀದಿಯ ಗಣಪತಿ ತಡವಾಗಿ ಕೂತಿತು. ಅದನ್ನು ಕೂರಿಸಿದ್ದು ಓನರಮ್ಮನ ಮಗ ಮತ್ತು ಅವನ ಗೆಳೆಯರು. ಬಿಡುವ ಹಿಂದಿನ ಸಂಜೆ ಅನ್ನಸಂತರ್ಪಣೆ, ಆಮೇಲೆ ಆರ್ಕೆಸ್ಟ್ರಾ. ರಸ್ತೆಗೆ ಅಡ್ಡಲಾಗಿ ವೇದಿಕೆ, ಮುಂದೆ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು. ಅವತ್ತು ಅಕ್ಕನಿಗೆ ಎರಡನೇ ಪಾಳಿ. ಹೋಗುವಾಗ ತನ್ನ ಡಬ್ಬಿಯನ್ನು ನನ್ನ ಕೈಗಿಟ್ಟು, "ನನಗೂ ಹಾಕಿಸಿಕೊಂಡು ಬಾ. ಹೊಳ್ಳಿ ಬರೂತ್ಲೆ ಹೊಟ್ಟಿ ಚುರ್ ಅಂತಿರ್ತೈತಿ" ಎಂದಿದ್ದಳು.

ಬೇರೆ ಬೀದಿಯಾದರೆ ನಾಚಿಕೆಯನ್ನು ಹೇಗೋ ನುಂಗಬಹುದಿತ್ತು. ಇದು ನಮ್ಮದೇ ಬೀದಿ. ಹೋಗಬಾರದು ಎಂದುಕೊಂಡೆ. ಆದರೆ ಮೆಟ್ಟಿಲ ತನಕ ತುಪ್ಪದಲ್ಲಿ ಗೋಡಂಬಿ ಹುರಿಯುವ ವಾಸನೆ ಬರುತ್ತಿತ್ತು. ಅಕ್ಕನ ಡಬ್ಬಿ ಬೇರೆ ಕೈಯಲ್ಲಿತ್ತು. ಮೊದಲ ಸಲ ಹೋಗಿ ನನ್ನ ದೊನ್ನೆ ತಗೊಂಡೆ, ಟ್ರಾನ್ಸ್‌ಫಾರ್ಮರ್ ಹಿಂದೆ ನಿಂತು ತಿಂದೆ. ಆಮೇಲೆ ವೇಲನ್ನು ತಲೆ ಮೇಲೆ ಎಳೆದುಕೊಂಡು, ಡಬ್ಬಿ ಹಿಡಿದು ಮತ್ತೆ ಸಾಲಿಗೆ ಸೇರಿದೆ. ವೇಲು ತಲೆ ಮೇಲೆ ಬಂದರೆ ನಾನು ಬೇರೆಯವಳಾಗುತ್ತೇನೆ ಎಂದು ಹೇಗೆ ನಂಬಿದೆನೋ.

ವೇದಿಕೆಯ ಮೇಲೆ ಒಬ್ಬ ಹುಡುಗ ಮೈಕು ಹಿಡಿದು ನಿಂತಿದ್ದ. ದೇಣಿಗೆ ಕೊಟ್ಟವರಿಗೆ ಧನ್ಯವಾದ ಹೇಳುವುದು, ಕಳೆದುಹೋದ ಮಗುವಿನ ವಿಷಯ ಹೇಳುವುದು, ನಡುನಡುವೆ ತಮಾಷೆ ಮಾಡುವುದು. "ಲೈನಲ್ ಬನ್ನಿ, ಲೈನಲ್ ಬನ್ನಿ, ಎಲ್ರಿಗೂ ಸಿಗುತ್ತೆ, ಗಣೇಶ ಯಾರನ್ನೂ ಖಾಲಿ ಹೊಟ್ಟೇಲಿ ಕಳ್ಸಲ್ಲ" ಎನ್ನುತ್ತಿದ್ದ. ಹಾಗೆ ಹೇಳುತ್ತಲೇ ಅವನ ದೃಷ್ಟಿ ಸಾಲಿನ ಮೇಲೆ ಹರಿಯಿತು.

"ಅಕ್ಕಾ, ಹಸಿರು ಚೂಡಿದಾರ್... ಡಬ್ಬಿ ಹಿಡ್ಕೊಂಡಿರೋರು... ನೀವೇ ಅಕ್ಕಾ, ಹಿಂದೆ ಯಾಕ್ ನೋಡ್ತೀರಾ? ಆಗ್ಲೇ ಒಂದ್ ರೌಂಡ್ ಆಯ್ತಲ್ವಾ ನಿಮ್ದು? ಪಾರ್ಸೆಲ್ ಎಲ್ಲಾ ಆಮೇಲೆ, ಮೊದ್ಲು ಇಲ್ಲೇ ತಿನ್ನೋರಿಗೆ ಬಿಡಿ."

ಅವನು ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಜನ ನಗಲಿ ಎಂದು ಹೇಳಿದ್ದು. ಜನ ನಕ್ಕರು. ಆ ಸ್ಪೀಕರು ಮೂರು ಬೀದಿಗೆ ಕೇಳಿಸುವಂಥದ್ದು. ನನ್ನ ಮುಂದಿದ್ದ ಹೆಂಗಸು ತಿರುಗಿ ಮೊದಲು ನನ್ನ ಚೂಡಿದಾರ್ ನೋಡಿ, ಆಮೇಲೆ ಡಬ್ಬಿ ನೋಡಿ, ಕೊನೆಗೆ ಮುಖ ನೋಡಿದಳು. ಕುರ್ಚಿಗಳ ಎರಡನೇ ಸಾಲಿನಲ್ಲಿ ನಮ್ಮ ಸೆಕ್ಷನ್ನಿನ ಲೈನ್ ಇನ್‌ಚಾರ್ಜ್ ಹೆಂಡತಿ ಮಕ್ಕಳ ಜೊತೆ ಕೂತಿದ್ದರು. ಅವರೂ ನೋಡಿದರು. ನೋಡಿ, ಕೂಡಲೇ ಬೇರೆ ಕಡೆ ತಿರುಗಿದರು. ಅವರು ತಿರುಗಿದ್ದು ನನಗಾಗಿಯೇ ಎಂದು ಗೊತ್ತಾಗಿ ಇನ್ನೂ ಕುಸಿದೆ. ನನ್ನ ಕಾಲು ಸಾಲು ಬಿಟ್ಟು ಹೊರಡಲೂ ಇಲ್ಲ, ಮುಂದೆ ಸರಿಯಲೂ ಇಲ್ಲ.

ಆಗ ಅನ್ನದ ಪಾತ್ರೆಯ ಹತ್ತಿರದಿಂದ ಓನರಮ್ಮನ ದನಿ ಬಂತು. ಅವರು ಸ್ಟೂಲಿನ ಮೇಲೆ ಕೂತು ಬಡಿಸುವವರ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ನಾನು ಅವರನ್ನು ಗಮನಿಸಿರಲಿಲ್ಲ.

"ಲೋ, ಮೈಕ್ ಸಿಕ್ತು ಅಂತ ಬಾಯಿಗ್ ಬಂದಂಗೆ ಮಾತಾಡ್ಬೇಡ್ವೋ! ಅದು ನಮ್ಮನೆ ಮಗಾ ಕಣೋ!" ಎಂದು ಕೂಗಿ, ಕಾಲೆಳೆದುಕೊಂಡು ಎದ್ದು ಬಂದರು. ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು, ತಾವೇ ಸೌಟು ಹಿಡಿದು, ಮುಚ್ಚಳ ಹಾಕಲಾಗದಷ್ಟು ತುಂಬಿಸಿದರು. ಮೇಲೆ ಎರಡು ಲಾಡು ಇಟ್ಟರು. "ಓಗು, ಓಗಿ ಉಣ್ಣು. ಅವ್ನ್ ಮಾತೆಲ್ಲಾ ಮನ್ಸಿಗ್ ಆಕ್ಕೋಬೇಡ."

ಜನ ಈಗ ನಗಲಿಲ್ಲ. ದಾರಿ ಬಿಟ್ಟರು. ನಗುತ್ತಿದ್ದಾಗಲೇ ವಾಸಿಯಿತ್ತು. ಆ ತುಂಬಿದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಇಡೀ ಬೀದಿ ದಾಟಿ ಬರುವಾಗ ನನಗೆ ಅವರ ಮೇಲೆ ಕೋಪ ಬಂದಿತ್ತು. ಆ ಹುಡುಗನ ಮೇಲಲ್ಲ. ಓನರಮ್ಮನ ಮೇಲೆ.

ರೂಮಿಗೆ ಬಂದು ಬಾಗಿಲು ಹಾಕಿಕೊಂಡೆ. ಆ ಅನ್ನ ಮುಟ್ಟಬಾರದು ಎಂದು ಕೂತೆ. ಹೊರಗೆ ಆರ್ಕೆಸ್ಟ್ರಾ ಶುರುವಾಯಿತು. ಸ್ವಲ್ಪ ಹೊತ್ತಿಗೆ ಎದ್ದು ಅಕ್ಕನ ಪಾಲು ತೆಗೆದಿಟ್ಟು ಉಳಿದದ್ದನ್ನು ತಿಂದೆ. ಒಂದು ಅಗುಳೂ ಬಿಡಲಿಲ್ಲ. ಲಾಡನ್ನೂ ತಿಂದೆ.

ಅಕ್ಕ ಬಂದ ಮೇಲೆ ನಡೆದದ್ದು ಹೇಳಿದೆ. ಅವಳು ಆ ಮೈಕಿನವನಿಗೆ ರಾಯಚೂರಿನ ಎಲ್ಲ ಬೈಗುಳವನ್ನೂ ಬೈದು, ಕೈತೊಳೆದು ಬಂದು ಊಟಕ್ಕೆ ಕೂತಳು. "ಆ ಅಮ್ಮನ ಹೊಟ್ಟಿ ತಣ್ಣಗಿರಲಿ" ಎಂದು ಎರಡು ಸಲ ಹೇಳಿದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಮಾರನೆಯ ದಿನದಿಂದ ಓನರಮ್ಮನ ಮನೆಯಿಂದ ಊಟ ಬರತೊಡಗಿತು. ಸಂಜೆ ನಾವು ಮೆಟ್ಟಿಲು ಹತ್ತುವ ಹೊತ್ತಿಗೆ ಅವರು ಬಾಗಿಲಲ್ಲಿ ನಿಂತಿರುತ್ತಿದ್ದರು. ಒಂದು ಪಾತ್ರೆಯಲ್ಲಿ ಬಿಸಿ ಮುದ್ದೆ, ಇನ್ನೊಂದರಲ್ಲಿ ಸೊಪ್ಪಿನ ಸಾರೋ ಹುರುಳಿ ಸಾರೋ. "ಜಾಸ್ತಿ ಮಾಡ್ಬುಟ್ಟೆ ಕಣಮ್ಮ, ಉಳೀತದೆ" ಎನ್ನುತ್ತಿದ್ದರು. ಒಂದು ದಿನ ಜಾಸ್ತಿಯಾಗಬಹುದು. ದಿನಾ ಯಾರಿಗೆ ಜಾಸ್ತಿಯಾಗುತ್ತದೆ?

ಅಕ್ಕ ಸಂತೋಷದಿಂದ ಇಸಿದುಕೊಳ್ಳುತ್ತಿದ್ದಳು. ಬಾಗಿಲಲ್ಲೇ ಕೂತು ಅವರಿಗೆ ಜೋಳದ ರೊಟ್ಟಿಯ ವಿಷಯ ಹೇಳುತ್ತಿದ್ದಳು, ಅವರ ಕಾಲಿಗೆ ಎಣ್ಣೆ ತಿಕ್ಕಿಕೊಡುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ನನಗೆ ಅದು ಸಾಧ್ಯವಾಗಲಿಲ್ಲ. ಓನರಮ್ಮನ ಬಾಗಿಲು ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಾಗದಂತೆ ಇಳಿಯುತ್ತಿದ್ದೆ. ಅವರ ಪಾತ್ರೆಗಳನ್ನು ತೊಳೆದು, ಕರೆಯದೆ, ಹೊಸ್ತಿಲ ಹತ್ತಿರ ಬೋರಲು ಹಾಕಿ ಓಡಿಬರುತ್ತಿದ್ದೆ. ನಮ್ಮವ್ವ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ವಾಪಸು ಕಳಿಸಿದವಳಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತಿದ್ದಳು. ಅಂಥವಳ ಮಗಳು ದಿನಾ ಬರಿ ಪಾತ್ರೆ ಇಟ್ಟು ಬರುತ್ತಿದ್ದೆ. ಅದಕ್ಕೂ ನಾಚಿಕೆ. ಆ ನಾಚಿಕೆಗೆ ಅವರ ಮುಖ ನೋಡಲು ಇನ್ನಷ್ಟು ಕಷ್ಟ.

ಅಕ್ಕನಿಗೆ ಇದು ಸರಿಬೀಳಲಿಲ್ಲ. "ಉಣ್ಣಾಕ ಬೇಕು, ಉಣಿಸಿದವರ ಮುಖ ಬ್ಯಾಡ. ಇದ್ಯಾವ ದೊಡ್ಡಸ್ತನ ನಿಂದು?" ಎಂದು ಒಂದು ದಿನ ನೇರವಾಗಿ ಕೇಳಿದಳು.

"ನನಗ ಭಿಕ್ಷಾ ಬೇಡಿದಂಗ ಆಗ್ತೈತಿ" ಎಂದೆ.

"ಹಂಗಾರ ನಾ ಭಿಕ್ಷುಕಳೇನು?"

ಅವಳು ಅವತ್ತಿನಿಂದ ನನ್ನ ಜೊತೆ ಬೇಕಾದಷ್ಟೇ ಮಾತಾಡತೊಡಗಿದಳು.

ದಸರಾ ಶುರುವಾದ ವಾರದಲ್ಲಿ ಕೊನೆಗೂ ಸಂಬಳ ಬಂತು. ಅದೇ ಸಂಜೆ ಅಕ್ಕಿ, ಬೇಳೆ, ಎಣ್ಣೆ ತಂದೆ. ತರಕಾರಿ ಚೀಲ ಕಾಣುವ ಹಾಗೆ ಹಿಡಿದುಕೊಂಡು, ಬಹಳ ದಿನಗಳ ಮೇಲೆ ಚಪ್ಪಲಿ ಮೆಟ್ಟಿಕೊಂಡೇ, ಸದ್ದು ಮಾಡುತ್ತಾ ಮೆಟ್ಟಿಲು ಹತ್ತಲು ಹೋದೆ. ಓನರಮ್ಮ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಮಗಾ, ಒಸಿ ನಿಂತ್ಕೋ" ಎಂದರು. "ಆಯುಧಪೂಜೆ ದಿನ ಕೆಲ್ಸ ಮುಗಿಸ್ಕಂಡು ನೇರ ನಮ್ಮನೇಗ್ ಬಂದ್ಬಿಡು. ಅಕ್ಕನ್ನೂ ಕರ್ಕಂಡ್ ಬಾ. ಕೂತ್ಕಂಡ್ ಉಣ್ಣೀರಂತೆ."

ಕೈಯಲ್ಲಿ ಚೀಲವಿತ್ತು. ಆ ಚೀಲ ನನಗೆ ಧೈರ್ಯ ಕೊಟ್ಟಿತೋ ಏನೋ. "ಆಂಟಿ, ನಮಗ ಈಗ ಊಟಕ್ಕ ತೊಂದರಿ ಇಲ್ರಿ. ಸಂಬಳ ಆಗೇತಿ. ಇನ್ನು ಮ್ಯಾಲೆ ಏನೂ ಕಳಸಬ್ಯಾಡ್ರಿ" ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. "ನಮ್ಮ ಮನ್ಯಾಗೂ ನಾವು ಉಂಡು ಬೆಳದವರೇ ಅದೀವ್ರಿ" ಎಂದೂ ಸೇರಿಸಿದೆ.

ಅವರ ಕೈ ಬೆಳ್ಳುಳ್ಳಿಯ ಮೇಲೆ ನಿಂತಿತು. "ನಾನ್ ಅಂಗಂದ್ನಾ ಮಗಾ?" ಎಂದರು, ಬಹಳ ಮೆಲ್ಲಗೆ. ಆಮೇಲೆ ತಲೆ ತಗ್ಗಿಸಿ ಮತ್ತೆ ಸುಲಿಯತೊಡಗಿದರು.

ಆಯುಧಪೂಜೆಯ ದಿನ ಫ್ಯಾಕ್ಟರಿಯಲ್ಲಿ ಯಂತ್ರಗಳಿಗೆಲ್ಲ ಅರಿಸಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಗೇಟಿನ ಮುಂದೆ ಬೂದುಗುಂಬಳ ಒಡೆದರು. ಎಲ್ಲರಿಗೂ ಒಂದೊಂದು ಸ್ವೀಟ್ ಬಾಕ್ಸು, ಕಡ್ಲೆಪುರಿಯ ಪೊಟ್ಟಣ. ಲೈನ್ ಇನ್‌ಚಾರ್ಜ್ ತಾವೇ ಕೊಡುತ್ತಿದ್ದರು. ನನ್ನ ಸರದಿ ಬಂದಾಗ, "ಇನ್ನೊಂದ್ ಬಾಕ್ಸ್ ಇದೆ, ಬೇಕಾ ಅಮ್ಮಾ?" ಎಂದು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿರಬೇಕು. "ಬ್ಯಾಡ್ರಿ ಸಾರ್" ಎಂದು ಮೊದಲನೆಯದನ್ನೂ ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದೆ.

ಸಂಜೆ ಅಕ್ಕ ಹೂವು ಮುಡಿದು ಓನರಮ್ಮನ ಮನೆಗೆ ಹೊರಟಳು. ಬಾಗಿಲಲ್ಲಿ ನಿಂತು, "ಬರ್ತಿಯೋ ಇಲ್ಲೋ?" ಎಂದು ಕೇಳಿದಳು. ತಲೆನೋವು ಎಂದೆ. ಕೆಳಗಿನಿಂದ ಮಾತು, ನಗು, ಪಾತ್ರೆಯ ಸದ್ದು ಕೇಳಿಸುತ್ತಿತ್ತು. ನಾನು ನನ್ನ ದುಡ್ಡಿನ ಅಕ್ಕಿಯಲ್ಲಿ ಅನ್ನ ಮಾಡಿಕೊಂಡೆ. ಅನ್ನ ಮುದ್ದೆಯಾಯಿತು, ಸಾರಿಗೆ ಉಪ್ಪು ಜಾಸ್ತಿಯಾಯಿತು. ಅಕ್ಕ ಹಿಂದಿರುಗಿದಾಗ, "ನಿನ್ನ ಕೇಳಿದ್ರು" ಎಂದು ಮಾತ್ರ ಹೇಳಿದಳು. ಏನು ಕೇಳಿದರು ಎಂದು ನಾನು ಕೇಳಲಿಲ್ಲ.

ದೀಪಾವಳಿಗೆ ಮೊದಲೇ ಆ ರೂಮು ಬಿಟ್ಟೆ. ಫ್ಯಾಕ್ಟರಿಗೆ ಹತ್ತಿರ ಒಂದು ಪಿ.ಜಿ. ಸಿಕ್ಕಿದೆ, ಓಡಾಟ ತಪ್ಪುತ್ತದೆ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಆ ಮೆಟ್ಟಿಲನ್ನು ದಿನಕ್ಕೆರಡು ಸಲ ಹತ್ತಿಳಿಯಲು ನನ್ನಿಂದ ಆಗುತ್ತಿರಲಿಲ್ಲ. ಬೀಗದ ಕೈ ಕೊಡಲು ಹೋದಾಗ ಓನರಮ್ಮ ಮನೆಯಲ್ಲಿರಲಿಲ್ಲ. ಮಗನ ಕೈಗೆ ಕೊಟ್ಟು, ಅವರು ಇಲ್ಲದಿದ್ದುದೇ ಒಳ್ಳೆಯದಾಯಿತೆಂದು ಚೀಲ ಹೊತ್ತು ಹೊರಟೆ. ಅಕ್ಕ ಮರುವರ್ಷ ಮಕ್ಕಳ ಹತ್ತಿರ ಊರಿಗೆ ಹೋದಳು. ಹೋಗುವ ಮುಂಚೆ ನನಗೆ ಹೇಳಿ ಹೋಗಲಿಲ್ಲ. ಹೇಳಬೇಕಾದಷ್ಟು ಗೆಳೆತನ ನಾನು ಉಳಿಸಿಕೊಂಡಿರಲಿಲ್ಲ.

ಆಮೇಲೆ ನನ್ನ ಕೆಲಸ ಖಾಯಂ ಆಯಿತು. ಮದುವೆಯಾಯಿತು. ಈಗ ಬೇಗೂರಿನಲ್ಲಿ ಮನೆ. ಅಪ್ಪ ಬಂದು ನಾಲ್ಕು ದಿನ ಇದ್ದು, ಅಡುಗೆಮನೆಯ ಡಬ್ಬಗಳನ್ನೆಲ್ಲ ತೆರೆದು ನೋಡಿ, ಸಮಾಧಾನಪಟ್ಟುಕೊಂಡು ಹೋದರು. ಆದರೆ ಗಣಪತಿ ಕೂತ ದಿನಗಳಲ್ಲಿ ನಾನು ಪೆಂಡಾಲಿನ ಹತ್ತಿರ ಹೋಗುವುದಿಲ್ಲ. ಮೈಕಿನಲ್ಲಿ ಯಾರಾದರೂ "ಅಕ್ಕಾ" ಎಂದರೆ ಈಗಲೂ ಮೈ ಸೆಟೆಯುತ್ತದೆ. ಗಂಡ ಪ್ರಸಾದ ತಂದರೆ ಕಣ್ಣಿಗೊತ್ತಿಕೊಂಡು ಅವನಿಗೇ ಕೊಡುತ್ತೇನೆ. ಅವನಿಗೆ ಕಾರಣ ಗೊತ್ತಿಲ್ಲ. ಪುಳಿಯೋಗರೆ ನನಗೆ ಸೇರುವುದಿಲ್ಲವೆಂದು ತಿಳಿದಿದ್ದಾನೆ.

ಕಳೆದ ವರ್ಷ ದಸರೆಗೆ ಮುಂಚೆ ಚಂದಾಪುರದ ಬಟ್ಟೆ ಅಂಗಡಿಯೊಂದಕ್ಕೆ ಹೋಗಿದ್ದೆ. ರವಿಕೆ ಕಣಗಳ ರಾಶಿಯ ಮುಂದೆ ಒಬ್ಬ ಹೆಂಗಸು ಸ್ಟೂಲಿನ ಮೇಲೆ ಕೂತು ಬಣ್ಣ ಆರಿಸುತ್ತಿದ್ದರು. ಕೂದಲು ಪೂರ್ತಿ ಬಿಳಿಯಾಗಿತ್ತು. ಮೂಗುಬೊಟ್ಟು ನೋಡಿ ಗುರುತು ಹತ್ತಿತು. ಹಿಂದಕ್ಕೆ ಸರಿದು ಹೋಗಿಬಿಡೋಣವೆಂದುಕೊಳ್ಳುವಷ್ಟರಲ್ಲಿ ಅವರೇ ತಲೆಯೆತ್ತಿದರು.

"ಮೇಲಿನ್ ರೂಮಿನ್ ಉಡ್ಗಿ ಅಲ್ವಾ ನೀನು? ಕೊಪ್ಪಳದೋಳು?"

"ಹೌದ್ರಿ ಆಂಟಿ" ಎಂದೆ. ಇವರು ಈಗ ಆ ಸಂಜೆಯ ವಿಷಯ ತೆಗೆಯುತ್ತಾರೆ, ಅಂಗಡಿಯವನ ಎದುರೇ ತೆಗೆಯುತ್ತಾರೆ ಎಂದುಕೊಂಡೆ.

"ಅವತ್ತು ಅಬ್ಬಕ್ಕೆ ಬರ್ಲೇ ಇಲ್ವಲ್ಲಾ ನೀನು" ಎಂದರು. "ನಿನ್ ಎಲೆ ಆಕಿದ್ದೆ ಕಣಮ್ಮ. ಎಲ್ರೂ ಉಂಡೆದ್ರು, ನಿನ್ ಎಲೆ ಎತ್ತಕ್ ಬಿಡ್ಲಿಲ್ಲ ನಾನು. ತಲೆನೋವು ಅಂದ್ಲು ನಿಮ್ಮಕ್ಕ, ಒಸಿ ವಾಸಿಯಾದ್ರೆ ಬತ್ತಾಳೆ ಬತ್ತಾಳೆ ಅಂತ ಕೂತಿದ್ದೆ."

"ಗಣಪತಿ ಟೈಮಿನ್ಯಾಗ ಅಷ್ಟು ಮಂದಿ ಮುಂದ ಮೈಕಿನ್ಯಾಗ ಹಂಗಾತಲ್ರಿ ಆಂಟಿ... ನನಗ ಮುಖಾ ತೋರಸಾಕ ಆಗ್ಲಿಲ್ರಿ" ಎಂದೆ.

"ಮೈಕಾ? ಯಾವ್ ಮೈಕು?" ಎಂದು ಕೇಳಿದರು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಇಷ್ಟು ವರ್ಷ ನಾನು ಹೊತ್ತುಕೊಂಡು ತಿರುಗಿದ್ದ ಸಂಜೆ ಅವರ ಪಾಲಿಗೆ ಇರಲೇ ಇಲ್ಲ. ಅವರಲ್ಲಿ ಉಳಿದದ್ದು ಆ ಎಲೆ. ಅದು ನನಗೆ ಗೊತ್ತೇ ಇರಲಿಲ್ಲ. ನಾನು ಮೇಲೆ ಉಪ್ಪು ಹೆಚ್ಚಾದ ಸಾರು ಕಲಸಿಕೊಳ್ಳುತ್ತಿದ್ದಾಗ ಕೆಳಗೆ ಒಂದು ಎಲೆ ನನಗಾಗಿ ಬಾಡುತ್ತಿತ್ತು.

"ಈ ಸಲನಾದ್ರೂ ಬಾ" ಎಂದರು.

ಹೋದೆ. ಗಂಡನಿಗೆ ಹಳೆಯ ಓನರ್ ಮನೆ ಎಂದಷ್ಟೇ ಹೇಳಿ ಒಬ್ಬಳೇ ಹೋದೆ. ಬೀದಿ ಗುರುತು ಸಿಗದಷ್ಟು ಬದಲಾಗಿತ್ತು. ಮನೆಯ ಮುಂದೆ ಕಾರಿಗೂ ಟ್ರ್ಯಾಕ್ಟರಿಗೂ ಚೆಂಡುಹೂವಿನ ಹಾರ. ಒಳಗೆ ಹಾಲಿನಲ್ಲಿ ನೆಂಟರು, ಮೇಲಿನ ರೂಮುಗಳ ಬಾಡಿಗೆಯವರು, ಯಾದಗಿರಿಯ ಕಡೆಯ ಒಂದು ಜೋಡಿ, ಎಲ್ಲರೂ ಸಾಲಾಗಿ ಕೂತಿದ್ದರು. ಓನರಮ್ಮ ನನ್ನನ್ನು ಸೊಸೆಯ ಪಕ್ಕದಲ್ಲಿ ಕೂರಿಸಿ, ನನ್ನ ಎಲೆಗೆ ಬಡಿಸಲು ಬಡಿಸುವವರನ್ನು ಕರೆದರು. ಮುದ್ದೆ, ಹೋಳಿಗೆ, ಕೋಸಂಬರಿ. ಊಟ ಮಾಡುವಾಗ ಯಾರಾದರೂ ನನ್ನನ್ನು ನೋಡುತ್ತಿದ್ದಾರೆಯೇ ಎಂದು ಎರಡು ಸಲ ತಲೆಯೆತ್ತಿ ನೋಡಿದೆ. ಯಾರೂ ನೋಡುತ್ತಿರಲಿಲ್ಲ. ಆದರೂ ಎಲೆಯ ಅಂಚಿನಲ್ಲಿ ಒಂದು ತುತ್ತು ಬಿಟ್ಟೆ.

ಕುಂಕುಮ ಕೊಡುವಾಗ ಓನರಮ್ಮ ಸೊಸೆಗೆ ನನ್ನ ಪರಿಚಯ ಮಾಡಿಕೊಟ್ಟರು. "ಆಗ ನಮ್ ಮೇಲಿನ್ ರೂಮಲ್ಲಿತ್ತು ಈ ಉಡ್ಗಿ. ಬಲೇ ಸ್ವಾಬಿಮಾನ. ಯಾರ್ ಅತ್ರನೂ ಕೈಚಾಚ್ತಿರ್ಲಿಲ್ಲ. ಇಂಗಿರ್ಬೇಕು ನೋಡು ಎಣ್ಮಕ್ಳು."

ಅವರು ಕುಹಕದಿಂದ ಹೇಳಿದ್ದಲ್ಲ. ಕುಹಕ ಅವರಿಗೆ ಗೊತ್ತೂ ಇಲ್ಲ. ಮೆಚ್ಚಿಕೊಂಡೇ ಹೇಳಿದ್ದು. ಸೊಸೆ ನನ್ನತ್ತ ಗೌರವದಿಂದ ನೋಡಿದಳು. ನಾನು "ಹಂಗಲ್ರಿ ಆಂಟಿ" ಎಂದು ಬಾಯಿ ತೆರೆದೆ, ಅಷ್ಟರಲ್ಲಿ ಯಾರೋ ಹೋಳಿಗೆ ಸಾಲದೆಂದು ಒಳಗಿನಿಂದ ಕೂಗಿದರು. ಓನರಮ್ಮ ಗೋಡೆ ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದರು. ನಾನು ರವಿಕೆ ಕಣ, ಎಲೆ ಅಡಿಕೆ ಇದ್ದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ತಗ್ಗಿಸಿ ಅಲ್ಲೇ ಕೂತೆ.